ಗಿರಣಿಯವನ ಎರಡು ಬೊಗಸೆ ಗೋದಿ

ಇವತ್ತು ಜೋಳದ ಡಬ್ಬಿ ಹಿಡಿದು ಗಿರಣಿ ಮುಂದೆ ನಿಂತಾಗ ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಅವ್ವನ ಸಿಟ್ಟು ನೆನಪಾಯಿತು.

ಸಣ್ಣವಳಿದ್ದಾಗಿನಿಂದಲೂ ನನಗೆ ಗೋದಿ ಆಗುವುದಿಲ್ಲ. ತಿಂದರೆ ಹೊಟ್ಟೆ ಉಬ್ಬಿ ವಾರಗಟ್ಟಲೆ ಭೇದಿ. ಸೊಲ್ಲಾಪುರದ ಡಾಕ್ಟರು ಚಿಟಿಕೆ ಗೋದಿಹಿಟ್ಟೂ ಕೂಡದು ಎಂದಿದ್ದರು. ದಿನಾ ಜೋಳದ ರೊಟ್ಟಿ ತಿನ್ನುವ ಸಿಂದಗಿಯಲ್ಲಿ ಅದೇನು ಕಷ್ಟ ಅನ್ನಬಹುದು. ಕಷ್ಟವೆಲ್ಲ ಗಿರಣಿಯಲ್ಲಿತ್ತು. ಬೇರೆಯವರ ಗೋದಿ ಬೀಸಿದ ಮೇಲೆ ಕಲ್ಲಿನಲ್ಲಿ ಉಳಿದ ಹಿಟ್ಟು ನಮ್ಮ ಜೋಳಕ್ಕೆ ಸೇರುತ್ತಿತ್ತು. ಅದಕ್ಕೇ ಅವ್ವ, "ಮೊದಲ ನಾಕು ಮಂದಿ ಜ್ವಾಳ ಬೀಸ್ರಿ, ಆಮ್ಯಾಲ ನಂದು" ಎಂದು ಪಾಳಿ ಬಿಟ್ಟು ಕೂಡುತ್ತಿದ್ದಳು. ಅಷ್ಟರಲ್ಲಿ ಯಾರೋ ಗೋದಿ ತರುತ್ತಿದ್ದರು. ಮತ್ತೆ ಮೊದಲಿನಿಂದ ಕಾಯಬೇಕು.

ಒಂದು ದಿನ ಗಿರಣಿಯವನು ಡಬ್ಬಿ ಕೊಡುತ್ತ ನಕ್ಕ. "ಕೂಸು ಭಾಳ ಸೊರಗೇತ್ರಿ ಅಕ್ಕಾರ. ಮೈ ತುಂಬಲಿ ಅಂತ ನಮ್ಮ ಗೋದಿ ಎರಡು ಬೊಗಸಿ ಹಾಕಿ ಬೀಸೇನಿ."

"ಹೇಳಿ ಹೇಳಿ ನನ್ನ ಬಾಯಿ ಒಣಗಿತು," ಎಂದಳು ಅವ್ವ. "ನಿಮ್ಮ ಅಂತಃಕರಣ ನಿಮ್ಮ ಮನ್ಯಾಗ ಇಟ್ಕೋರಿ."

ಹಿಟ್ಟನ್ನೆಲ್ಲ ಎಮ್ಮೆಗೆ ಸುರಿದಳು. ಊರಿಗೆ ಗಿರಣಿ ಬಂದಾಗ ಖುಷಿಯಿಂದ ಹಿತ್ತಲಿಗೆ ಹಾಕಿದ್ದ ಬೀಸುಕಲ್ಲನ್ನು ಮತ್ತೆ ಒಳಗೆ ತಂದಳು.

"ಬರ್ರಿ ಅಕ್ಕಾರ," ಎಂದ ಇವತ್ತಿನ ಗಿರಣಿಯವನು. "ಈಗಷ್ಟ ಗೋದಿ ಬೀಸೇನಿ, ನಿಮ್ಮ ಹಿಟ್ಟು ಚಲೋ ಬರತೈತಿ."

ಡಬ್ಬಿ ಎತ್ತಿಕೊಂಡು ಮನೆಗೆ ಬಂದು, ತವರಿನಿಂದ ತಂದಿಟ್ಟಿದ್ದ ಅವ್ವನ ಬೀಸುಕಲ್ಲಿನ ಮುಂದೆ ಕುಳಿತೆ. ಒಂದು ಸೇರು ಬೀಸುವುದರಲ್ಲೇ ರಟ್ಟೆ ಸೋತವು. ಅವ್ವ ನನ್ನ ಮದುವೆಯವರೆಗೂ ದಿನಾ ಬೀಸಿದಳು.