ಒಂಟಿ ಬಿಡಬಾರದ ಚೀಲ

ಫೆಬ್ರವರಿಯ ಎರಡನೆಯ ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ, ವಾಡಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನನ್ನ ಮಗಳು ಮತ್ತು ಮಂಚದ ಮೇಲೆ ಕಾಲು ಚಾಚಿ ಕುಳಿತ ನನ್ನ ಅಕ್ಕ. ಮೂವತ್ತೊಂದು ವರ್ಷ ರೈಲಿನ ಗಾರ್ಡ್ ಆಗಿದ್ದವನಿಗೆ ಯಾವ ದಿನವನ್ನು ನೆನೆದರೂ ಮೊದಲು ಬರುವುದು ಗಂಟೆ, ಆಮೇಲೆ ಜನ.

ದಿಲ್ಲಿಯಲ್ಲಿರುವ ನನ್ನ ಮಗನಿಗೆ ಹೆಣ್ಣು ಮಗು ಹುಟ್ಟಿತ್ತು. ಮರುದಿನ ಮಂಗಳವಾರ ದೀಪ ಹಚ್ಚುವ ಹೊತ್ತಿಗೆ ತೊಟ್ಟಿಲು. ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು ಊದಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನನ್ನ ಮಗಳು. ಚಿಂಚೋಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವಳಿಗೆ ಪರೀಕ್ಷೆಯ ಹೊತ್ತಿನಲ್ಲಿ ಸಿಕ್ಕದ್ದು ಮೂರೇ ದಿನದ ರಜೆ. ರೈಲಿನಲ್ಲಿ ಹೋಗಿಬರಲು ಅದು ಸಾಲದು. ಹಾಗಾಗಿ ಹೈದರಾಬಾದಿನಿಂದ ಬೆಳಿಗ್ಗೆ ಏಳು ನಲವತ್ತರ ವಿಮಾನ. ಅದು ತಪ್ಪಿದರೆ ಹೆಸರನ್ನು ಬೇರೆ ಯಾರೋ ಹೇಳುತ್ತಾರೆ. ನನ್ನ ಹೆಂಡತಿ ಬಾಣಂತನಕ್ಕೆಂದು ತಿಂಗಳ ಮೊದಲೇ ದಿಲ್ಲಿ ಸೇರಿದ್ದಳು. ಅಕ್ಕನ ಮೊಣಕಾಲಿನ ಆಪರೇಷನ್ ಆಗಿ ಮೂರು ವಾರವಷ್ಟೇ ಆಗಿದ್ದರಿಂದ ನಾನು ಊರು ಬಿಡುವಂತಿರಲಿಲ್ಲ. ಮಾಡಬಹುದಾದದ್ದು ಒಂದೇ, ಮಗಳ ದಾರಿಯನ್ನು ಕಾಗದದ ಮೇಲೆ ಕೂರಿಸುವುದು.

ವೇಳೆಯನ್ನು ನಾನು ಯಾವಾಗಲೂ ತುದಿಯಿಂದ ಹಿಂದಕ್ಕೆ ಎಣಿಸುತ್ತೇನೆ. ಏಳು ನಲವತ್ತಕ್ಕೆ ವಿಮಾನವೆಂದರೆ ಐದು ನಲವತ್ತಕ್ಕೆ ನಿಲ್ದಾಣದ ಬಾಗಿಲೊಳಗಿರಬೇಕು. ಅವಳು ರಾತ್ರಿ ಉಳಿಯುವುದು ಸಿಕಂದರಾಬಾದಿನ ಗೆಳತಿಯ ಮನೆಯಲ್ಲಿ. ವಿಮಾನ ನಿಲ್ದಾಣ ದಕ್ಷಿಣದ ತುದಿಗೆ, ನಡುವೆ ಇಡೀ ಶಹರ. ಬಸ್ಸಾದರೆ ನಾಲ್ಕೂವರೆಗೇ ಹತ್ತಬೇಕೆಂದು ನಾನು, ಕಾರು ಕರೆಸಿದರೆ ಐದಕ್ಕೆ ಹೊರಟರೂ ಸಾಕೆಂದು ಅವಳು. ಕಾರು ಕೆಟ್ಟರೆ, ರಸ್ತೆ ಅಗೆದಿದ್ದರೆ, ಡ್ರೈವರ್ ಮಲಗಿಬಿಟ್ಟರೆ ಎಂದು ನಾನು ಒಂದೊಂದೇ ಬರೆಯುತ್ತಿದ್ದಾಗ ಅವಳು ಚಹಾದ ಕಪ್ಪು ಕೆಳಗಿಟ್ಟಳು.

“ಅಪ್ಪಾ, ವಿಮಾನಕ್ಕೂ ನೀವೇ ಹಸಿರು ಝೆಂಡಿ ತೋರಸೂ ಹಂಗ ಕಾಣಸ್ತದ.”

ಕೊನೆಗೆ ರಾಜಿಯಾಯಿತು. ಮೂರೂಕಾಲಿಗೆ ಏಳುವುದು. ನಾಲ್ಕೂಕಾಲಿಗೆ ಕಾರು. ಹತ್ತು ನಿಮಿಷ ಕಾದರೂ ಬಾರದಿದ್ದರೆ ಗೆಳತಿಯ ಗಂಡ ಸ್ಕೂಟರಿನಲ್ಲಿ ಬಸ್ ಸ್ಟಾಪಿಗೆ ಬಿಡುವುದು. ಒಟ್ಟು ಹನ್ನೊಂದು ಸಾಲು. ಅವಳು ಒಂದು ಪ್ರತಿಯನ್ನು ಪರ್ಸಿನಲ್ಲಿಟ್ಟುಕೊಂಡಳು, ಇನ್ನೊಂದು ನನ್ನ ಬಳಿ.

ಅಕ್ಕನ ಹಿಶೋಬು ಬೇರೆ. ಸೋಮವಾರ ಪೂರ್ವಕ್ಕೆ ಶೂಲ, ಮಂಗಳವಾರ ಉತ್ತರಕ್ಕೆ ಶೂಲ. ವಾಡಿಯಿಂದ ಹೈದರಾಬಾದು ಪೂರ್ವ, ಅಲ್ಲಿಂದ ದಿಲ್ಲಿ ಉತ್ತರ. ಎರಡು ದಿನವೂ ಹೊರಡಬಾರದ ದಿಕ್ಕಿಗೇ ಹೊರಟಿದ್ದಳು ಹುಡುಗಿ. ಇದಕ್ಕೆ ನಮ್ಮಲ್ಲಿ ಹಿಂದಿನಿಂದ ಬಂದ ಉಪಾಯ ಪ್ರಸ್ಥಾನ. ಒಳ್ಳೆಯ ವೇಳೆ ನೋಡಿ ಪ್ರಯಾಣದ ಚೀಲವೊಂದನ್ನು ಹೋಗುವ ದಿಕ್ಕಿನ ಮನೆಯಲ್ಲಿ ಮೊದಲೇ ಇಟ್ಟುಬಿಟ್ಟರೆ ಪ್ರಯಾಣ ಅಂದೇ ಶುರುವಾದ ಲೆಕ್ಕ. ಒಂದೇ ಪ್ರಸ್ಥಾನ ಎರಡೂ ಶೂಲಕ್ಕೆ ನಡೆಯುತ್ತದೆಂದು ಅಕ್ಕನೇ ತೀರ್ಪು ಕೊಟ್ಟಳು. ಯಾವ ಆಧಾರದ ಮೇಲೆ ಎಂದು ನಾನು ಕೇಳಲಿಲ್ಲ.

ಪೂರ್ವಕ್ಕೆ ನಮ್ಮ ಗೋಡೆಗೆ ಹತ್ತಿದ ಮನೆ ನಿವೃತ್ತ ನರ್ಸ್ ಒಬ್ಬರದು. ಓಣಿಗೆಲ್ಲ ಅವರು ಸಿಸ್ಟರ್. ಬೌದ್ಧರ ಮನೆ, ಪಂಚಾಂಗ ಅವರ ಹೊಸ್ತಿಲು ತುಳಿದಿಲ್ಲ. ಅಕ್ಕನ ಮೊಣಕಾಲಿನ ಪಟ್ಟಿ ಬದಲಿಸುವವರೂ ಅವರೇ. ಭಾನುವಾರ ಸಂಜೆ ಮಗಳು ಚೀಲ ಒಯ್ದಿಟ್ಟಾಗ, ನಿಮ್ಮ ಶೂಲಕ್ಕೆ ನನ್ನ ಮನೆ ಕಂಡರೆ ಹೆದರಿಕೆಯೇನೋ ಎಂದು ನಕ್ಕಿದ್ದರಂತೆ. ಚೀಲದಲ್ಲಿ ಮಗುವಿಗೆಂದು ಹೊಲಿಸಿದ ಕುಂಚಿಗೆ, ಖಣ, ಒಂದು ಜೊತೆ ಸೀರೆ. ಅಕ್ಕ ಗೋಡೆಯಾಚೆಯಿಂದಲೇ ಎರಡು ನೇಮ ಕೂಗಿ ಹೇಳಿದ್ದಳು. ಚೀಲ ಮರಳಿ ನಮ್ಮ ಮನೆಗೆ ಬರಬಾರದು. ಚೀಲವನ್ನು ಒಂಟಿ ಬಿಡಬಾರದು.

ಹನ್ನೆರಡು ಇಪ್ಪತ್ತಕ್ಕೆ ಊಟ ಮುಗಿಸಿ ಮಗಳು ಪರ್ಸು ತೆಗೆದಳು. ಆಧಾರ್ ಕಾರ್ಡ್ ಇರಲಿಲ್ಲ. ಅದಿಲ್ಲದೆ ವಿಮಾನ ನಿಲ್ದಾಣದ ಬಾಗಿಲು ದಾಟಲಾಗದು. ಅದು ಎಲ್ಲಿದೆ ಎಂದು ಅವಳಿಗಿಂತ ಮೊದಲು ನನಗೇ ಹೊಳೆಯಿತು. ಕಡೆಯ ಗಳಿಗೆಗೆ ಏನೂ ಉಳಿಯಬಾರದೆಂದು ಭಾನುವಾರ ನಾನೇ ಅದನ್ನು ಚೀಲದ ಮುಂದಿನ ಜೇಬಿನಲ್ಲಿ ಹಾಕಿಸಿ, ಸಾಮಾನಿನ ಪಟ್ಟಿಯಲ್ಲಿ ಗುರುತು ಹಾಕಿದ್ದೆ. ಹೇಗೂ ಹೋಗುವಾಗ ಚೀಲ ಎತ್ತಿಕೊಳ್ಳುವುದಿದೆಯಲ್ಲ ಎಂದುಕೊಂಡು ಹೊರಗೆ ಬಂದು ನೋಡಿದರೆ ಸಿಸ್ಟರ್ ಮನೆಗೆ ಬೀಗ.

ಸಿಕಂದರಾಬಾದಿನ ಗಾಡಿ ಒಂದು ಐವತ್ತಕ್ಕೆ. ಫೋನ್ ಮಾಡಿದೆ. ಭಂಕೂರಿನಲ್ಲಿ ತಂಗಿಗೆ ಮೈಯಲ್ಲಿ ಹುಷಾರಿಲ್ಲವೆಂದು ಬೆಳಿಗ್ಗೆ ಆರಕ್ಕೇ ಹೋಗಿದ್ದರು. ಬೀಗದ ಕೈ ಯಾರ ಬಳಿ ಇದೆ, ಚೀಲ ತೆಗೆದುಕೊಳ್ಳಬೇಕು ಎಂದೆ.

“ಚೀಲ ನನ್ನ ಮಗ್ಗಲದಾಗೇ ಕುಂತದರಿ ಸಾಹೇಬ್ರ. ಒಂಟಿ ಬಿಡಬ್ಯಾಡ್ರಿ ಅಂತ ಅಕ್ಕಾರೇ ಹೇಳ್ಯಾರಲ್ಲ? ಅದಕ್ಕ ಸಂಗಟ ತಂದೀನಿ.”

ನಾವೇ ಎಷ್ಟೋ ಸಲ ಸಡಿಲ ಬಿಟ್ಟ ನೇಮವನ್ನು, ನಂಬದ ಹೆಣ್ಣುಮಗಳು ಅಕ್ಷರಶಃ ಪಾಲಿಸಿದ್ದರು. ನಾನು ಹೇಳಿದ್ದನ್ನು ಕೇಳಿ ಅಕ್ಕ ಹಣೆಗೆ ಕೈ ಹಚ್ಚಿದಳು.

“ಪೂರ್ವಕ್ಕ ಹೋಗೂ ಚೀಲ ಪಶ್ಚಿಮಕ್ಕ ಹೋಗ್ಯದಲ್ಲೋ.”

ಮಗಳು ಪರ್ಸಿನ ಜಿಪ್ಪನ್ನು ಎಳೆಯುತ್ತ, ಬಿಡುತ್ತ ನಿಂತಳು. ಆ ಸದ್ದಿಗೆ ನನ್ನ ತಲೆ ತಿಳಿಯಾಯಿತು. ಪಶ್ಚಿಮದಿಂದಲೇ ಅಲ್ಲವೇ ಗಾಡಿ ಬರುವುದು? ಅದು ಶಹಾಬಾದಿನಲ್ಲಿ ಒಂದು ಮೂವತ್ತೈದಕ್ಕೆ ನಿಲ್ಲುತ್ತದೆ. ಭಂಕೂರಿನಿಂದ ಶಹಾಬಾದಿಗೆ ಆಟೊ ಸಿಗುತ್ತದೆ. ಸಿಸ್ಟರ್ ಅದೇ ಗಾಡಿ ಹತ್ತಿದರೆ ಹದಿನೈದು ನಿಮಿಷಕ್ಕೆ ಚೀಲ ವಾಡಿಯಲ್ಲಿ. ಕೇಳಿದೆ. ತಂಗಿಗೆ ಗುಳಿಗೆ ಕೊಟ್ಟಾಗಿದೆ, ಜ್ವರ ಇಳಿದಿದೆ, ಹೊರಟೆ ಎಂದರು. ಜನರಲ್ ಡಬ್ಬಿಯಲ್ಲಿ, ಎಲ್ಲಕ್ಕೂ ಹಿಂದೆ, ಗಾರ್ಡಿನ ಡಬ್ಬಿಯ ಪಕ್ಕದ ಬಾಗಿಲಲ್ಲಿ ನಿಲ್ಲಿರೆಂದೆ.

ಪ್ಲಾಟ್‌ಫಾರ್ಮಿನ ಆ ತುದಿ ನನಗೆ ಹೊಸದಲ್ಲ. ಮಗಳ ಸೀಟು ಮುಂದಿನ ಡಬ್ಬಿಯಲ್ಲಿ, ಆದರೂ ಅವಳು ನನ್ನ ಜೊತೆ ಅಲ್ಲಿಯೇ ನಿಂತಳು. ಗಾಡಿ ನಾಲ್ಕು ನಿಮಿಷ ತಡವಾಗಿ ಬಂತು. ಆ ನಾಲ್ಕು ನಿಮಿಷದಲ್ಲಿ ಅವಳು ನನ್ನ ಕೈಗಡಿಯಾರವನ್ನು ಎಷ್ಟು ಸಲ ನೋಡಿದಳೋ. ಹಿಂದಿನ ಬಾಗಿಲಲ್ಲಿ ಸಿಸ್ಟರ್, ಚೀಲವನ್ನು ಕೂಸಿನ ಹಾಗೆ ಸೊಂಟದ ಮೇಲೆ ಇಟ್ಟುಕೊಂಡಿದ್ದರು. ಇಳಿಯುತ್ತಲೇ ಮಗಳ ಕೈಗೆ ಕೊಟ್ಟರು.

“ತಗೋರಿ ಟೀಚರ್. ದಾರ್ಯಾಗೂ ಒಂಟಿ ಬಿಟ್ಟಿಲ್ಲ.”

ಮಗಳು ಜೇಬಿನಲ್ಲಿ ಕೈ ಹಾಕಿ ಕಾರ್ಡನ್ನು ಮುಟ್ಟಿ ನೋಡಿ, ಸಿಸ್ಟರ್ ಕಾಲಿಗೆ ಬಾಗಿದಳು. ಅವರು ಹಿಂದೆ ಸರಿದು, ಗಾಡಿ ಹತ್ತು ಮೊದಲು ಎಂದು ಗದರಿದರು. ಹತ್ತಿದಳು.

ಮನೆಗೆ ಬಂದು ಹೇಳಿದಾಗ ಅಕ್ಕ ಬೆರಳು ಮಡಿಸಿ ಎಣಿಸಿದಳು. ಚೀಲ ನಮ್ಮ ಮನೆಗೆ ಮರಳಿಲ್ಲ, ಒಂಟಿಯಾಗಿಲ್ಲ, ಪೂರ್ವದ ಗಾಡಿಯಲ್ಲಿ ಹುಡುಗಿಗಿಂತ ಒಂದು ಸ್ಟೇಶನ್ ಮೊದಲೇ ಹತ್ತಿದೆ. ಇಂಥ ಚೊಕ್ಕ ಪ್ರಸ್ಥಾನ ನಮ್ಮ ವಂಶದಲ್ಲೇ ಆಗಿಲ್ಲ ಎಂದಳು. ಸಂಜೆ ಪಟ್ಟಿ ಬದಲಿಸಲು ಬಂದ ಸಿಸ್ಟರ್‌ಗೂ ಅದನ್ನೇ ಹೇಳಿ ಸಜ್ಜಿಗೆ ತಿನ್ನಿಸಿದಳು.

ಎಂಟು ಗಂಟೆಗೆ ಸಿಕಂದರಾಬಾದಿನಿಂದ ಫೋನ್. ಮಗಳು ಹನ್ನೊಂದು ಸಾಲನ್ನೂ ಓದಿದಳು, ಕಾರ್ಡ್ ಪರ್ಸಿಗೆ ಬಂದಿದೆ ಎಂದು ಹನ್ನೆರಡನೆಯದನ್ನು ತಾನೇ ಸೇರಿಸಿದಳು. ಅಕ್ಕ ಫೋನನ್ನು ಕಸಿದುಕೊಂಡು, ನಿಮ್ಮಣ್ಣನ ಕಿವಿಯಲ್ಲಿ ನಾನು ಊದಿದ್ದೆ, ಹೇಗೆ ಊದುತ್ತೀ ತೋರಿಸು ಎಂದಳು. ‘ಕುರ್ರ್’ ಎಂಬ ಸದ್ದು ನನ್ನವರೆಗೂ ಕೇಳಿತು. ಅದರ ಹಿಂದೆಯೇ ಹೆಸರು. ಈಗ ರಜೆಗೆ ಬಂದಾಗ ಅಂಗಳದ ತುಂಬ ಓಡಾಡುವ ಮೊಮ್ಮಗಳನ್ನು ನಾವು ಕರೆಯುವುದು ಆ ಹೆಸರಿನಿಂದಲೇ.

ಆ ರಾತ್ರಿ ನನ್ನ ಪ್ರತಿಯಲ್ಲೂ ಹನ್ನೆರಡನೆಯ ಸಾಲು ಬರೆದು ಗುರುತು ಹಾಕಿದೆ. ಮೂರೂಕಾಲಿಗೆ ಅಲಾರಾಂ ಇಟ್ಟೆ.