ತಂಗಿಗೆ ಸಿಕ್ಕ ರೊಟ್ಟಿ

ತಂಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನಾಗಬೇಕು? ಅದು ಶುರುವಾದದ್ದು ಅರವತ್ತರ ದಶಕದಲ್ಲಿ. ಅಪ್ಪನಿಗೆ ಧಾರವಾಡದಿಂದ ಅಹಮದಾಬಾದಿಗೆ ವರ್ಗವಾಗಿ ನಾವು ಮಣಿನಗರದಲ್ಲಿ ಮನೆ ಮಾಡಿದ್ದೆವು. ಕನ್ನಡ ಮಾತನಾಡುವ ಕ್ರೈಸ್ತರ ಮನೆಗಳೆಂದರೆ ನಾಲ್ಕೋ ಐದೋ. ಭಾನುವಾರದ ಆರಾಧನೆ ನಮ್ಮ ಪಡಸಾಲೆಯಲ್ಲೇ ನಡೆಯುತ್ತಿತ್ತು.

ಎರಡು ವರ್ಷಕ್ಕೊಮ್ಮೆ ಊರಿನಿಂದ ನಮ್ಮ ಸಭೆಯ ಪಾದ್ರಿ ಅಯ್ಯನವರು ಬರುತ್ತಿದ್ದರು. ದೊಡ್ಡವರಾಗುತ್ತಿದ್ದ ಮಕ್ಕಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿ, ಸಭೆಗೆ ಪೂರ್ತಿ ಸೇರಿಸಿಕೊಳ್ಳುವ ದೃಢೀಕರಣ ಮಾಡುತ್ತಿದ್ದರು. ಅದಾದವರಿಗೆ ಮಾತ್ರ ಯೇಸುವಿನ ನೆನಪಿಗೆ ಆರಾಧನೆಯಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿ. ಆ ರೊಟ್ಟಿ ನನಗೆ ಬೇಕಿತ್ತು. ಹದಿನೈದು ವರ್ಷದ ನನಗೆ ಹತ್ತು ಆಜ್ಞೆಗಳು, ಪ್ರಶ್ನೋತ್ತರದ ಪುಸ್ತಕ, ಎಲ್ಲವೂ ಬಾಯಿಪಾಠ. ಹದಿಮೂರರ ತಂಗಿಗೆ ನಾಲ್ಕನೆಯ ಆಜ್ಞೆ ದಾಟುವಷ್ಟರಲ್ಲಿ ಕನ್ನಡ ಮುಗಿದು ಗುಜರಾತಿ ಬರುತ್ತಿತ್ತು. ಆದರೂ ಎಲ್ಲರಿಗೂ ಅವಳೇ ಮುದ್ದು.

ಆ ವರ್ಷ ಉತ್ತರಾಯಣದ ಗಾಳಿಪಟದ ಹಬ್ಬ ಭಾನುವಾರವೇ ಬಿತ್ತು. ಭಾನುವಾರ ಆಟವಾಡಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಇಡೀ ಓಣಿ ಮಾಳಿಗೆಗಳ ಮೇಲೆ ಕೂಗಾಡುತ್ತಿದ್ದರೆ ನಾನು ಕಿಟಕಿ ಮುಚ್ಚಿ ಕೀರ್ತನೆ ಹಾಡಿದೆ. ತಂಗಿ ಹೊಟ್ಟೆನೋವೆಂದು ಹೇಳಿ ಪ್ರಾರ್ಥನೆ ತಪ್ಪಿಸಿ ಪಕ್ಕದ ಮನೆಯ ಮಾಳಿಗೆ ಹತ್ತಿದಳು. ಸಂಜೆ ಅವಳ ಬೆರಳುಗಳನ್ನು ಮಾಂಜಾ ದಾರ ಕುಯ್ದಿತ್ತು. ನನಗೆ ಒಳಗೊಳಗೇ ಖುಷಿಯಾಯಿತು.

ಮುಂದಿನ ವಾರ ಅಯ್ಯನವರು ಬಂದರು. ಚಹಾ ಕೊಡುವ ನೆಪದಲ್ಲಿ ತಂಗಿ ಮಾಡಿದ್ದೆಲ್ಲವನ್ನೂ ಅವರ ಕಿವಿಗೆ ಹಾಕಿದೆ. "ಆಕೀಗೋಸ್ಕರ ಪ್ರಾರ್ಥನಾ ಮಾಡ್ರಿ" ಎಂದು ಕೊನೆಗೆ ಸೇರಿಸಿದೆ. ಎಂಥ ಕಳ್ಳಿ ನಾನು!

ಶನಿವಾರ ಮಧ್ಯಾಹ್ನ ಪರೀಕ್ಷೆ. ನಾನು ಒಂದೂ ತಪ್ಪದೆ ಹೇಳಿದೆ. ತಂಗಿ ಎರಡನೇ ಪ್ರಶ್ನೆಗೇ ತಡವರಿಸಿದಳು. ಅಯ್ಯನವರು ಪುಸ್ತಕ ಮುಚ್ಚಿ, "ನೀ ಮಾಡಿದ ಪಾಪ ಯಾವುದವಾ?" ಎಂದು ಕೇಳಿದರು. ಅವಳು ಗಾಯದ ಬೆರಳು ತೋರಿಸಿ, "ಸುಳ್ಳು ಹೇಳಿ ಪತಂಗ ಹಾರಿಸಿದ್ನಿರಿ. ಭಾಳ ಮಜಾ ಬಂತು. ಆಮ್ಯಾಲೆ ಕೆಟ್ಟ ಅನಿಸ್ತು" ಎಂದು ಗಳಗಳನೆ ಅತ್ತಳು.

ಅದೇ ಪ್ರಶ್ನೆ ನನಗೂ ಬಂತು. ತಡಕಾಡಿದೆ. ಏನೂ ಸಿಗಲಿಲ್ಲ.

"ನಾ ಏನೂ ಮಾಡಿಲ್ರಿ."

"ಒಂದೂ ಇಲ್ಲೇನು?"

"ಇಲ್ರಿ."

ಚಹಾದ ಜೊತೆ ನಾನು ಹೇಳಿದ ಚಾಡಿ ಅವರಿಗೆ ನೆನಪಾಯಿತೋ ಏನೋ, ಪುಸ್ತಕವನ್ನು ಪಕ್ಕಕ್ಕೆ ಸರಿಸಿದರು. "ಆಜ್ಞೆ ಪಾಲಿಸಿದ್ದು ಚಲೋ ಆತು. ಆದ್ರ ಈ ರೊಟ್ಟಿ ಕ್ಷಮಾ ಬೇಕು ಅನ್ನೋರಿಗೆ ಐತಿ ನೋಡವಾ. ನಿನಗ ಇನ್ನೂ ಬೇಕಾಗಿಲ್ಲ. ಮುಂದಿನ ಸಲ ನೋಡೂಣು" ಎಂದರು.

ಭಾನುವಾರ ನನ್ನ ತಂಗಿ ಬಿಳಿ ಲಂಗ ತೊಟ್ಟು ಮಂಡಿಯೂರಿದಳು. ನಾನು ಚಿಕ್ಕ ಮಕ್ಕಳ ಜೊತೆ ಚಾಪೆಯ ಮೇಲೆ ಕುಳಿತೆ. ಇವಳ ಗಾಯ ಕೀವು ಕಟ್ಟಲಿ ಎಂದು ಬೇಡಿಕೊಂಡೆ. ಅದೂ ಪಾಪವೆಂದು ಆಗ ಹೊಳೆಯಲೇ ಇಲ್ಲ.

ಆರಾಧನೆ ಮುಗಿದ ಮೇಲೆ ಅವಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಮುಷ್ಟಿ ಬಿಚ್ಚಿದರೆ ಬೆವರಿಗೆ ಮೆತ್ತಗಾದ ರೊಟ್ಟಿಯ ಚೂರು. "ಅಕ್ಕಾ, ಅರ್ಧಾ ನಿನಗ ಇಟ್ಟೀನಿ."

ದೃಢೀಕರಣವಾಗದವರು ಅದನ್ನು ತಿನ್ನುವಂತಿಲ್ಲ. ನಾನು ಕೈ ಹಿಂದೆ ಕಟ್ಟಿಕೊಂಡು ಆ ನಿಯಮವನ್ನು ಅವಳಿಗೆ ತಿಳಿಸಿ ಹೇಳಿದೆ. ಅವಳು ಆ ಚೂರನ್ನು ಇನ್ನೊಮ್ಮೆ ನನ್ನ ಮುಂದೆ ಹಿಡಿದು, ಆಮೇಲೆ ತಾನೇ ಬಾಯಿಗೆ ಹಾಕಿಕೊಂಡಳು.