ಬಣ್ಣದ ಮಾಮನ ಹೆಂಡತಿಯ ಕಣ್ಣು

ಬೀದಿಯ ಮಕ್ಕಳಿಗೆಲ್ಲ ಅವನು ಬಣ್ಣದ ಮಾಮ. ಏಣಿಯ ಮೇಲೆ ನಿಂತು ಗೋಡೆಗೆ ಬ್ರಷ್ ಆಡಿಸುತ್ತಲೇ ಹೋಗಿಬರುವವರ ಜೊತೆ ಹರಟುತ್ತಿದ್ದ. ತಲೆ ನರೆತಿದೆಯೆಂದು ಯಾರಾದರೂ ರೇಗಿಸಿದರೆ, "ಅದು ಪ್ರೈಮರ್, ಒಣಗಿದ್ಮೇಲೆ ಬಣ್ಣ ಹಚ್ತೀನಿ" ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಡ್ರಮ್ಮಿನಲ್ಲಿದ್ದ ಸುಟ್ಟ ಸುಣ್ಣಕ್ಕೆ ನೀರು ಹಾಕಿ ಕಲಕುವಾಗ ಅದು ಕುದಿದು ಎರಡೂ ಕಣ್ಣಿಗೆ ಸಿಡಿಯಿತು. ಜೊತೆಗಿದ್ದವನು ಗಾಬರಿಯಲ್ಲಿ ನೀರೆರಚಿ ತೊಳೆಯುವುದು ಬಿಟ್ಟು ಬಟ್ಟೆಯಿಂದ ಒರೆಸಿದ. ಆಸ್ಪತ್ರೆ ಸೇರುವ ಹೊತ್ತಿಗೆ ಕರಿಗುಡ್ಡೆಗಳು ಬೆಳ್ಳಗಾಗಿದ್ದವು.

"ಕಣ್ಣಿನ ಮೇಲಿನ ಪಾರದರ್ಶಕ ಪದರ, ಕಾರ್ನಿಯಾ, ಸುಟ್ಟುಹೋಗಿದೆ" ಎಂದರು ಡಾಕ್ಟರಮ್ಮ. "ತೀರಿಹೋದವರ ಮನೆಯವರು ಯಾರಾದ್ರೂ ಕಣ್ಣು ಕೊಟ್ರೆ ಹಾಕಿ ನೋಡೋಣ. ಆದ್ರೆ ಸುಣ್ಣ ಬಿದ್ದ ಕಣ್ಣಲ್ಲಿ ಅದು ಉಳಿಯೋದು ಕಷ್ಟ."

ಶರ್ಟಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಹೆಂಡತಿ ರಜೆಯ ದಿನಗಳಲ್ಲೆಲ್ಲ ಅವನ ತೋಳು ಹಿಡಿದು ಆಸ್ಪತ್ರೆಗೆ ನಡೆಸಿದಳು. ಕಾದು ಕಾದು ಸಾಕಾದ ಮೇಲೆ ಯಾರೋ ಕೊಟ್ಟ ಕಣ್ಣು ಬಂತು, ಮೊದಲು ಒಂದು ಬದಿಗೆ ಹಾಕಿದರು. ಪಟ್ಟಿ ಬಿಚ್ಚಿದಾಗ ಮೊದಲು ಮಬ್ಬು, ಆಮೇಲೆ ಮಬ್ಬಿನೊಳಗೆ ಅವಳ ಮುಖ.

"ಎಷ್ಟು ಸೊರಗಿದ್ದೀಯಲ್ಲೇ!"

"ನಿಮ್ಮನ್ನ ಕಟ್ಕೊಂಡು ತಿರುಗಿದ್ರೆ ಇನ್ನೇನಾಗ್ತೀನಿ?" ಎಂದು ಅವಳು ಅಳುತ್ತಲೇ ನಕ್ಕಳು.

ಆ ಬೆಳಕು ಕೆಲವೇ ತಿಂಗಳದ್ದು. ಕಣ್ಣು ಕೆಂಪಾಯಿತು, ಮಬ್ಬು ಮತ್ತೆ ಇಳಿಯಿತು. ಎಷ್ಟು ಔಷಧಿ ಹಾಕಿದರೂ ಮೈ ಆ ಕಾರ್ನಿಯಾವನ್ನು ತನ್ನದೆಂದು ಒಪ್ಪಲಿಲ್ಲ. ಇನ್ನೊಂದು ಕಣ್ಣಿಗೆ ಹಾಕಿದ್ದು ಅಷ್ಟೂ ಬಾಳಲಿಲ್ಲ. "ಇನ್ನು ಹಾಕಿ ಪ್ರಯೋಜನ ಇಲ್ಲ" ಎಂದುಬಿಟ್ಟರು ಡಾಕ್ಟರಮ್ಮ.

ಮರುವರ್ಷ ಹೆಂಡತಿ ಕಾರ್ಖಾನೆಯಲ್ಲಿ ಹೊಲಿಗೆಯಂತ್ರದ ಪಕ್ಕದಲ್ಲೇ ಕುಸಿದಳು. ಎದೆಬಡಿತ ನಿಂತಿತ್ತು. ಮನೆಗೆ ತಂದು ಮಲಗಿಸಿದ ಮೇಲೆ ಅವನು ಮಗಳನ್ನು ಕರೆದು, "ಕಣ್ಣಾಸ್ಪತ್ರೆಗೆ ಫೋನ್ ಮಾಡು, ತಡವಾದ್ರೆ ಉಪಯೋಗ ಇಲ್ಲ" ಎಂದ.

ಹೆಂಡತಿಯ ಅಣ್ಣ ಸಿಡಿದೆದ್ದ. "ಕಣ್ಣು ಕಿತ್ತ ಮುಖಾನ ಹೇಗಯ್ಯಾ ನೋಡೋದು?"

"ನಾನಂತೂ ನೋಡಲ್ವಲ್ಲ, ಭಾವ."

ಅಣ್ಣ ಹೊರಗೆ ಹೋಗಿ ನಿಂತ.

ಆಸ್ಪತ್ರೆಯಿಂದ ಬಂದ ಹುಡುಗಿ ಕೆಲಸ ಮುಗಿಸಿ ರೆಪ್ಪೆ ಮುಚ್ಚಿದಳು; ಮುಖ ನಿದ್ದೆ ಮಾಡಿದಂತೆಯೇ ಇತ್ತು ಎಂದು ಮಗಳು ಹೇಳಿದಳು. ಉತ್ತರ ಗೊತ್ತಿದ್ದೂ ಅವನು ಹುಡುಗಿಯನ್ನು ಕೇಳಿದ: "ಒಂದನ್ನ ನನಗೇ ಹಾಕೋಕೆ ಆಗಲ್ವೇನಮ್ಮ?" ಹುಡುಗಿ ತನ್ನ ಪೆಟ್ಟಿಗೆಯ ಮುಚ್ಚಳ ಹಾಕಿದಳು. ಮಗಳು ಅಪ್ಪನ ಕೈ ಅದುಮಿದಳು.

ಕೆಲವು ವಾರಗಳ ಮೇಲೆ ಆಸ್ಪತ್ರೆಯಿಂದ ಫೋನ್ ಬಂತು. ಇಬ್ಬರಿಗೆ ಹಾಕಿದ್ದರು, ಇಬ್ಬರಿಗೂ ಕಾಣುತ್ತಿತ್ತು. ಯಾರಿಗೆಂದು ಅವರು ಹೇಳುವಂತಿರಲಿಲ್ಲ.

"ಅಮ್ಮ ಎಲ್ಲೋ ನೋಡ್ತಾ ಇದಾಳೆ, ಅಪ್ಪ" ಎಂದಳು ಮಗಳು.

"ಅವಳಲ್ಲ ಕಣೇ. ಅವಳು ಹೋದ್ಳು. ನೋಡ್ತಿರೋರು ಬೇರೆ ಯಾರೋ." ಆಮೇಲೆ, "ನೋಡ್ಲಿ ಬಿಡು" ಎಂದ. ದನಿಯಲ್ಲಿ ಸಂತೋಷವಿರಲಿಲ್ಲ.

ಮಗಳು ಕೆಲಸಕ್ಕೆ ಹೊರಟಳು. ಅವನು ಗೋಡೆ ತಡವಿಕೊಂಡು ಹೋಗಿ ಬಾಗಿಲಿಗೆ ಚಿಲಕ ಹಾಕಿ, ಹಾಸಿಗೆಯ ಮೇಲೆ ಮಗ್ಗುಲಾದ.